ಲೇಸ್ ಶಾಲಿನ ಲೆಕ್ಕ ತಪ್ಪಿದಾಗ: ಚಾರ್ಟ್ ನೋಡಿ ಹೆಣೆಯುವವರಿಗೊಂದು ದೋಷ ನಿವಾರಣೆ ಕೈಪಿಡಿ

ಸಾಲಿನ ಕೊನೆಗೆ ಬಂದಿದ್ದೀರಿ. ಚಾರ್ಟಿನಲ್ಲಿ ಇನ್ನೂ ಎರಡು ಮನೆ ಬಾಕಿ ಇವೆ, ಕಡ್ಡಿಯ ಮೇಲೆ ಉಳಿದಿರುವುದು ಒಂದೇ ಕುಣಿಕೆ. ಲೇಸ್ ಕಲಿಯುವ ಪ್ರತಿಯೊಬ್ಬರೂ ಒಂದಲ್ಲ ಒಂದು ಸಂಜೆ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆಗ ಕೈ ತಾನಾಗಿಯೇ ಕಡ್ಡಿ ಎಳೆದು ಬಿಚ್ಚಲು ಹೊರಡುತ್ತದೆ. ದಯವಿಟ್ಟು ಬಿಚ್ಚಬೇಡಿ. ಕೊನೆಯ ಕುಣಿಕೆಯಲ್ಲಿ ಕಂಡ ತಪ್ಪು ಕೊನೆಯ ಕುಣಿಕೆಯಲ್ಲಿ ಆದದ್ದಲ್ಲ. ಎಲ್ಲಿ ಆಯಿತು ಎಂದು ತಿಳಿಯದೆ ಬಿಚ್ಚಿದರೆ, ಮತ್ತೆ ಹೆಣೆಯುವಾಗ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತೇವೆ.

ನನ್ನ ಮೊದಲ ತ್ರಿಕೋನ ಶಾಲನ್ನು ನಾನು ಮೂರು ಸಲ ಬಿಚ್ಚಿದೆ. ಮೂರನೆಯ ಸಲ ಹದಿನಾಲ್ಕು ಸಾಲು ಹೋಯಿತು. ಮೊದಲ ಎರಡು ಸಾಲು ಬಿಚ್ಚುವಷ್ಟರಲ್ಲೇ ದೋಷ ಕಣ್ಣಿಗೆ ಬಿದ್ದಿತ್ತು: ಹಾಕದೆ ಬಿಟ್ಟ ಒಂದು ಸುತ್ತು. ಅಷ್ಟು ಹೊತ್ತಿಗೆ ಕುಣಿಕೆಗಳೆಲ್ಲ ಕಡ್ಡಿಯಿಂದ ಜಾರಿ ಒಂದಕ್ಕೊಂದು ಸಿಕ್ಕಿಕೊಂಡಿದ್ದವು, ಹಿಡಿದು ನಿಲ್ಲಿಸಲಾಗಲಿಲ್ಲ. ಆಗ ನೆನಪಾದದ್ದು ದೊಡ್ಡಮ್ಮ. ಚಿಕ್ಕವಳಿದ್ದಾಗ ಚುಕ್ಕಿ ರಂಗೋಲಿಯಲ್ಲಿ ಎಳೆ ಕೂಡದೆ ಹೋದರೆ ನಾನು ಅಂಗೈಯಿಂದ ಎಲ್ಲವನ್ನೂ ಒರೆಸಿಬಿಡುತ್ತಿದ್ದೆ. "ಎಳೆ ಕೂಡಲಿಲ್ಲ ಅಂತ ಎಳೆ ಅಳಿಸಬೇಡ ಮಗಳೇ, ಮೊದಲು ಚುಕ್ಕಿ ಎಣಿಸು" ಎನ್ನುತ್ತಿದ್ದರು ಅವರು. ಹದಿನೈದು ಇರಬೇಕಾದಲ್ಲಿ ಹದಿನಾಲ್ಕು ಚುಕ್ಕಿ ಇಟ್ಟಿರುತ್ತಿದ್ದೆ, ಅಷ್ಟೇ. ಲೇಸಿನ ದೋಷ ಹುಡುಕುವುದೂ ಹೀಗೆಯೇ. ಮೊದಲು ಎಣಿಕೆ, ಆಮೇಲೆ ಬಟ್ಟೆಯನ್ನು ಕಣ್ಣಿನಿಂದ ಓದುವುದು, ಕಟ್ಟಕಡೆಗೆ ಕೈ ಹಾಕುವುದು.

ಇಲ್ಲಿ ಬಳಸುವ ಕೆಲವು ಮಾತುಗಳು. ಚಾರ್ಟಿನ ಒಂದು ಚೌಕವನ್ನು ಚೌಕಾಬಾರದ ಹಾಗೆ ಮನೆ ಎನ್ನುತ್ತೇನೆ, ಕಡ್ಡಿಯ ಮೇಲಿನದನ್ನು ಕುಣಿಕೆ ಎನ್ನುತ್ತೇನೆ. ಚಾರ್ಟಿನಲ್ಲಿ ಸೊನ್ನೆಯಾಗಿ ಕಾಣುವ ಯಾರ್ನ್ ಓವರ್ ಇಲ್ಲಿ ಸುತ್ತು. ದಾರವನ್ನು ಕಡ್ಡಿಯ ಮೇಲೆ ಒಮ್ಮೆ ಸುತ್ತಿಕೊಂಡರೆ ಒಂದು ಕುಣಿಕೆ ಹೆಚ್ಚುತ್ತದೆ, ಅದರ ಕೆಳಗೆ ರಂಧ್ರ ಬೀಳುತ್ತದೆ. ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದು ಒಂದು ಮಾಡುವುದು ಕೂಡಿಕೆ. ನಿಟ್ ಸೀದಾ, ಪರ್ಲ್ ಉಲ್ಟಾ. ಚಾರ್ಟಿನಲ್ಲಿ ಪದೇಪದೇ ಹೆಣೆಯಬೇಕಾದ ಭಾಗ ಆವರ್ತ.

ಮೊದಲ ಪ್ರಶ್ನೆ: ಇದು ದೋಷವೇ?

ಕಡ್ಡಿಯ ಮೇಲಿರುವ ಲೇಸ್ ಚೆನ್ನಾಗಿ ಕಾಣುವುದಿಲ್ಲ. ಹಿಂಡಿ ಬಿಸಾಡಿದ ಪಾತ್ರೆ ಒರೆಸುವ ಬಟ್ಟೆಯ ಹಾಗೆ ಮುದುಡಿಕೊಂಡಿರುತ್ತದೆ. ರಂಧ್ರಗಳು ಮುಚ್ಚಿರುತ್ತವೆ, ವಿನ್ಯಾಸದ ಎಲೆಗಳು ಉಬ್ಬಿರುತ್ತವೆ. ಇದನ್ನು ನೋಡಿ ಹೆದರಿ ಬಿಟ್ಟವರನ್ನು ಕಂಡಿದ್ದೇನೆ. ಲೇಸ್ ಬಿಡಿಸಿಕೊಳ್ಳುವುದು ಮುಗಿದ ಮೇಲೆ, ನೀರಿನಲ್ಲಿ ತೋಯಿಸಿ ಎಳೆದು ಪಿನ್ ಹಾಕಿದಾಗ. ಅನುಮಾನವಿದ್ದರೆ ಬಟ್ಟೆಯನ್ನು ಎರಡೂ ಕೈಗಳಿಂದ ಅಡ್ಡಕ್ಕೂ ಉದ್ದಕ್ಕೂ ಹಿಗ್ಗಿಸಿ, ಕೆಳಗೆ ಗಾಢ ಬಣ್ಣದ ಬಟ್ಟೆ ಇಟ್ಟು ನೋಡಿ. ಹಿಗ್ಗಿಸಿದಾಗ ವಿನ್ಯಾಸ ಸರಿಯಾಗಿ ಕಂಡರೆ ದೋಷವಿಲ್ಲ, ಮುಂದೆ ಹೆಣೆಯಿರಿ.

ಏಣುಗಳ ವಿಷಯವೂ ಹಾಗೆಯೇ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹಳೆಯ ಶಾಲುಗಳಲ್ಲಿ ಹಿಂಬದಿ ಸಾಲನ್ನೂ ಸೀದಾ ಹೆಣೆಯುವುದು ಸಾಮಾನ್ಯ. ಅಡ್ಡ ಏಣುಗಳು ಅಲ್ಲಿ ಬೇಕೆಂದೇ ಬಂದವು. ಅದೇ ಏಣುಗಳು ನುಣುಪಾದ ನೆಲೆಯ ಶಾಲಿನಲ್ಲಿ ಕಂಡರೆ, ಹಿಂಬದಿಯಲ್ಲಿ ಉಲ್ಟಾ ಹೆಣೆಯಬೇಕಾದಲ್ಲಿ ಸೀದಾ ಹೆಣೆದಿದ್ದೀರಿ ಎಂದರ್ಥ. ನಿಮ್ಮ ಚಾರ್ಟಿನ ಸಂಕೇತಪಟ್ಟಿಯಲ್ಲಿ ಖಾಲಿ ಮನೆಗೆ ಏನು ಅರ್ಥ ಕೊಟ್ಟಿದ್ದಾರೆ ಎಂದು ನೋಡಿ. ಸಾಮಾನ್ಯವಾಗಿ ಖಾಲಿ ಮನೆ ಎಂದರೆ ಮುಂಬದಿಯಲ್ಲಿ ಸೀದಾ, ಹಿಂಬದಿಯಲ್ಲಿ ಉಲ್ಟಾ. ಚಾರ್ಟ್ ತೋರಿಸುವುದು ಬಟ್ಟೆಯನ್ನು ಮುಂಬದಿಯಿಂದ ನೋಡಿದಾಗ ಕಾಣುವ ಚಿತ್ರವನ್ನು. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಅರ್ಧ ಗೊಂದಲ ಕಳೆಯುತ್ತದೆ.

ಎಣಿಕೆಯನ್ನು ಯಾವಾಗ, ಹೇಗೆ ಮಾಡುವುದು

ಮೇಲಿನಿಂದ ಕೆಳಗೆ ಬೆಳೆಯುವ ತ್ರಿಕೋನ ಶಾಲನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹೆಚ್ಚಿನವರು ಕಲಿಯುವುದು ಅದರಲ್ಲೇ. ಮೂರು ಕುಣಿಕೆಯ ಸಣ್ಣ ಗಾರ್ಟರ್ ಪಟ್ಟಿಯನ್ನು (ಎಲ್ಲ ಸಾಲೂ ಸೀದಾ) ಆರು ಸಾಲು ಹೆಣೆದು, ಅದರ ಪಕ್ಕದಿಂದ ಮೂರು, ಬುಡದಿಂದ ಮೂರು ಕುಣಿಕೆ ಎತ್ತಿಕೊಂಡರೆ ಒಟ್ಟು 9. ಇದರಲ್ಲಿ ಎರಡು ಅಂಚುಗಳಿಗೆ ಮೂರು ಮೂರು, ನಡುಬೆನ್ನಿಗೆ ಒಂದು, ಎರಡು ರೆಕ್ಕೆಗಳಿಗೆ ಒಂದೊಂದು. ಪ್ರತಿ ಮುಂಬದಿ ಸಾಲಿನಲ್ಲಿ ಒಂದೊಂದು ರೆಕ್ಕೆಯ ಎರಡು ಬದಿಗೂ ಒಂದೊಂದು ಸುತ್ತು ಬೀಳುತ್ತದೆ, ಅಂದರೆ ಒಟ್ಟು 4 ಕುಣಿಕೆ ಹೆಚ್ಚುತ್ತದೆ. ಹಿಂಬದಿ ಸಾಲಿನಲ್ಲಿ ಏನೂ ಹೆಚ್ಚುವುದಿಲ್ಲ. ಆದ್ದರಿಂದ ಹತ್ತು ಮುಂಬದಿ ಸಾಲಾದ ಮೇಲೆ 49, ಇಪ್ಪತ್ತಾದ ಮೇಲೆ 89. ರೆಕ್ಕೆಯೊಂದನ್ನೇ ಎಣಿಸಿದರೆ 21, 41. ಈ ಅಂಕಿಗಳನ್ನು ಚಾರ್ಟಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಶಾಲಿನ ಆರಂಭ ಬೇರೆಯಾಗಿದ್ದರೆ ಅಂಕಿಗಳೂ ಬೇರೆ, ಲೆಕ್ಕ ಹಾಕುವ ಬಗೆ ಒಂದೇ.

ಎಣಿಸಬೇಕಾದದ್ದು ಹಿಂಬದಿ ಸಾಲನ್ನು ಹೆಣೆಯುತ್ತಿರುವಾಗ. ಆ ಸಾಲಿನಲ್ಲಿ ಬಹುಪಾಲು ಉಲ್ಟಾ ಬಿಟ್ಟರೆ ಬೇರೆ ಕೆಲಸವಿಲ್ಲ, ಮನಸ್ಸು ಖಾಲಿ ಇರುತ್ತದೆ. ಕೆಳಗಿನ ಸಾಲಿನಲ್ಲಿ ಮಾಡಿದ ತಪ್ಪು ಇನ್ನೂ ಕೈಯಳತೆಯಲ್ಲೇ ಇರುತ್ತದೆ. ಪ್ರತಿ ಆವರ್ತದ ಕೊನೆಗೆ ಒಂದು ಗುರುತಿನ ಉಂಗುರ ಹಾಕಿದರೆ ನೂರು ಕುಣಿಕೆ ಎಣಿಸುವ ಬದಲು ಹತ್ತು ಹತ್ತು ಎಣಿಸಿದರೆ ಸಾಕು. ಅಂಗಡಿಯ ಉಂಗುರವೇ ಆಗಬೇಕಿಲ್ಲ, ಬೇರೆ ಬಣ್ಣದ ದಾರದ ತುಂಡನ್ನು ಗಂಟು ಹಾಕಿ ಉಂಗುರ ಮಾಡಿಕೊಂಡರೂ ನಡೆಯುತ್ತದೆ.

ಒಂದು ಕುಣಿಕೆ ಕಡಿಮೆ

ಹತ್ತರಲ್ಲಿ ಎಂಟು ಸಲ ಕಾರಣ ಒಂದೇ, ಮರೆತ ಸುತ್ತು. ಹತ್ತರಲ್ಲಿ ಎಂಟು ಎನ್ನುವುದು ನನ್ನ ಕೈಯ ಅನುಭವದ ಮಾತು. ಉಳಿದಂತೆ, ಎರಡು ಕೂಡಿಸಬೇಕಾದಲ್ಲಿ ಮೂರು ಕೂಡಿಸಿರಬಹುದು, ಅಥವಾ ಕುಣಿಕೆಯೊಂದು ಜಾರಿ ಬಿದ್ದಿರಬಹುದು. ಜಾರಿದ ಕುಣಿಕೆಯಾದರೆ ಕೆಳಗೆ ಏಣಿಯ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಬೇರೇನನ್ನೂ ಯೋಚಿಸದೆ ಮೊದಲು ಅದಕ್ಕೊಂದು ಸೇಫ್ಟಿ ಪಿನ್ ಚುಚ್ಚಿ.

ಮರೆತ ಸುತ್ತನ್ನು ಹೇಗೆ ಹುಡುಕಿ ಸರಿಪಡಿಸುವುದು ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡೋಣ. ನನ್ನ ಎರಡನೆಯ ಶಾಲಿನಲ್ಲಿ 19ನೇ ಮುಂಬದಿ ಸಾಲೂ ಅದರ ಹಿಂಬದಿ ಸಾಲೂ ಮುಗಿದಿದ್ದವು. ಹಿಂಬದಿಯಲ್ಲಿ ಎಣಿಸಲು ಅಂದು ಮರೆತಿದ್ದೆ. 20ನೇ ಸಾಲಿನಲ್ಲಿ ಬಲ ರೆಕ್ಕೆ ಮುಗಿಸಿ, ನಡುಬೆನ್ನು ದಾಟಿ, ಎಡ ರೆಕ್ಕೆಗೆ ಕೈ ಹಾಕುವ ಮುನ್ನ ಎಣಿಸಿದೆ. 39 ಇರಬೇಕಾದಲ್ಲಿ 38. ಉಂಗುರಗಳ ನಡುವೆ ನೋಡಿದೆ: ಮೊದಲ ಆವರ್ತದಲ್ಲಿ ಹತ್ತು, ಎರಡನೆಯದರಲ್ಲಿ ಒಂಬತ್ತು, ಮೂರನೆಯದರಲ್ಲಿ ಹತ್ತು. ಇಷ್ಟರಲ್ಲೇ ಹುಡುಕಾಟ ಒಂದಂಗುಲ ಬಟ್ಟೆಗೆ ಇಳಿಯಿತು. ಎಲೆಯ ತುದಿಯಲ್ಲಿ ನಡುವಿನ ಕುಣಿಕೆಯ ಎರಡೂ ಬದಿಗೆ ಎರಡು ಕಣ್ಣುಗಳಂತೆ ಎರಡು ರಂಧ್ರ ಇರಬೇಕು. ಪಕ್ಕದ ಎಲೆಗಳಲ್ಲಿ ಇದ್ದವು. ಈ ಎಲೆಯಲ್ಲಿ ಬಲಗಣ್ಣು ಇತ್ತು, ಎಡಗಣ್ಣು ಇರಲಿಲ್ಲ.

ಎಡಗಣ್ಣು ಇರಬೇಕಾದ ಜಾಗದಲ್ಲಿ ಎರಡು ಕುಣಿಕೆಗಳನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ನಡುವೆ ಎರಡು ಅಡ್ಡ ಎಳೆಗಳು ಕಾಣುತ್ತವೆ. ಕೆಳಗಿನದು 19ನೇ ಮುಂಬದಿ ಸಾಲಿನದು, ಮೇಲಿನದು ಅದರ ಹಿಂಬದಿ ಸಾಲಿನದು. ಆ ಕೆಳಗಿನ ಎಳೆಯೇ ನಾನು ಹಾಕದೆ ಬಿಟ್ಟ ಸುತ್ತಿನ ಜಾಗ. ಬಟ್ಟೆಯ ಮುಂಬದಿ ನನ್ನ ಕಡೆಗಿತ್ತು. ಸಪೂರ ಕ್ರೋಶಾ ಕಡ್ಡಿಯನ್ನು ಕೆಳಗಿನ ಎಳೆಯ ಅಡಿಯಿಂದ ತೂರಿಸಿ, ಮೇಲಿನ ಎಳೆಯನ್ನು ಕೊಕ್ಕೆಯಿಂದ ಹಿಡಿದು, ಕೆಳಗಿನದರ ಮೂಲಕ ಮುಂದಕ್ಕೆ ಎಳೆದೆ. ಒಂದು ಪುಟ್ಟ ಕುಣಿಕೆ ಬಂತು. ಕುಣಿಕೆ ಕಡ್ಡಿಯ ಆಚೀಚೆ ಇಳಿಬಿಡುವ ಎರಡು ಎಳೆಗಳೇ ಅದರ ಕಾಲುಗಳು; ಬಲಗಾಲು ಮುಂದಿರುವಂತೆ ಅದನ್ನು ಎಡಗಡ್ಡಿಯ ಮೇಲೆ ಕೂರಿಸಿದೆ. 39. ಆಗ ಆ ರಂಧ್ರ ಸಾಸಿವೆ ಕಾಳಿನಷ್ಟಿತ್ತು. ಪಕ್ಕದ ಕುಣಿಕೆಗಳಿಂದ ಕಡ್ಡಿಯ ತುದಿಯಿಂದ ಒಂದಿಷ್ಟು ದಾರವನ್ನು ಅದಕ್ಕೆ ದಾಟಿಸಿದೆ. ತೋಯಿಸಿ ಎಳೆದ ಮೇಲೆ ಯಾವ ಎಲೆಯಲ್ಲಿ ಹೀಗಾಗಿತ್ತೆಂದು ನಾನೇ ಹುಡುಕಬೇಕಾಯಿತು.

ತಪ್ಪು ಒಂದೇ ಸಾಲಿನ ಕೆಳಗಿದ್ದರೆ ಇನ್ನೂ ಸುಲಭ: ಎರಡು ಕುಣಿಕೆಗಳ ನಡುವಿನ ಎಳೆಯನ್ನು ಎತ್ತಿ ಕಡ್ಡಿಯ ಮೇಲೆ ಹಾಕಿದರೆ ಅದೇ ಸುತ್ತು. ಆರೆಂಟು ಸಾಲು ಕೆಳಗಿದ್ದು, ಈವರೆಗೆ ನೀವು ಹೇಗೋ ಹೊಂದಿಸಿಕೊಂಡು ಬಂದಿದ್ದರೆ, ಅಲ್ಲಿಗೆ ಇಳಿಯಬೇಡಿ. ಇಂದಿನ ಸಾಲಿನಲ್ಲಿ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಕುಣಿಕೆ ಹೆಚ್ಚಿಸಿಕೊಂಡು ಮುಂದುವರಿಯಿರಿ. ನೂರಾರು ರಂಧ್ರಗಳ ನಡುವೆ ಇಲ್ಲದ ಒಂದು ರಂಧ್ರ ಯಾರಿಗೂ ಕಾಣುವುದಿಲ್ಲ. ಆದರೆ ಶಾಲಿನ ನಡುಬೆನ್ನಿನ ಪಕ್ಕದ ರಂಧ್ರಗಳಿಗೆ ಈ ರಿಯಾಯಿತಿ ಇಲ್ಲ. ಅವು ನೆಟ್ಟಗೆ ಒಂದರ ಕೆಳಗೊಂದು ಸಾಲಾಗಿ ಇಳಿಯುವುದರಿಂದ, ಒಂದು ತಪ್ಪಿದರೂ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಅಲ್ಲಿ ಶ್ರಮ ಪಡಲೇಬೇಕು.

ಒಂದು ಕುಣಿಕೆ ಹೆಚ್ಚು

ಸಾಲಿನ ಮೊದಲ ಕುಣಿಕೆಯನ್ನೇ ಮೊದಲು ಅನುಮಾನಿಸಿ. ಬಟ್ಟೆ ತಿರುಗಿಸಿದಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ, ಮೊದಲ ಕುಣಿಕೆಯ ಎರಡೂ ಕಾಲುಗಳು ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ. ಹೊಸಬರು ಎರಡನ್ನೂ ಹೆಣೆದುಬಿಡುತ್ತಾರೆ. ಅಂಚು ಅಗಲವಾಗುತ್ತಾ ಹೋಗುತ್ತಿದ್ದರೆ ಇದೇ ಕಾರಣ. ಹೆಣೆಯುವ ಮುನ್ನ ದಾರವನ್ನು ಕೆಳಕ್ಕೆ ಎಳೆದುಕೊಳ್ಳಿ.

ಇನ್ನೊಂದು ಕಾರಣ, ಸೀದಾದಿಂದ ಉಲ್ಟಾಕ್ಕೆ ಬದಲಾಗುವಾಗ ದಾರವನ್ನು ಕಡ್ಡಿಗಳ ನಡುವೆ ತರದೆ ಮೇಲಿಂದ ತಂದಿರುವುದು. ಗೊತ್ತಿಲ್ಲದೆ ಒಂದು ಸುತ್ತು ಬಿದ್ದಿರುತ್ತದೆ. ಇದಕ್ಕೆ ಪರಿಹಾರ ಅತಿ ಸುಲಭ. ಮುಂದಿನ ಸಾಲಿನಲ್ಲಿ ಆ ಸುತ್ತನ್ನು ಹೆಣೆಯದೆ ಕಡ್ಡಿಯಿಂದ ಬೀಳಿಸಿ, ಸಡಿಲವಾದ ದಾರವನ್ನು ಎರಡೂ ಬದಿಗೆ ಹಂಚಿ. ಕೂಡಿಕೆ ಮರೆತಿದ್ದರೆ ಆ ಎರಡೇ ಕುಣಿಕೆಗಳನ್ನು ತಪ್ಪಾದ ಸಾಲಿನವರೆಗೆ ಬಿಚ್ಚಿ, ಕ್ರೋಶಾ ಕಡ್ಡಿಯಿಂದ ಕೂಡಿಸಿ ಮೇಲಕ್ಕೆ ತಂದರೆ ಆಯಿತು.

ಒಂದು ಆವರ್ತದಲ್ಲಿ ಒಂದು ಕಡಿಮೆ, ಪಕ್ಕದ್ದರಲ್ಲಿ ಒಂದು ಹೆಚ್ಚು, ಒಟ್ಟು ಮಾತ್ರ ಸರಿ ಎಂದಾದರೆ ಹೆಣಿಗೆಯಲ್ಲಿ ತಪ್ಪಿಲ್ಲ. ಉಂಗುರದ ಪಕ್ಕ ಹಾಕಿದ ಸುತ್ತು ಅದರ ಆಚೆಗೆ ಜಾರಿದೆ. ಸುತ್ತಿಗೆ ಬುಡವಿಲ್ಲ, ಆದ್ದರಿಂದ ಅದು ಉಂಗುರದ ಅಡಿಯಲ್ಲಿ ನುಸುಳುತ್ತದೆ. ಎತ್ತಿ ಈಚೆಗೆ ಹಾಕಿ.

ಆದರೆ ಇದೇ ಲಕ್ಷಣ ಎಲ್ಲ ಆವರ್ತಗಳಲ್ಲೂ ಒಂದೇ ಸಾಲಿನಲ್ಲಿ ಕಂಡರೆ ಕಾರಣ ಬೇರೆ. ಆವರ್ತದ ಗಡಿಯಲ್ಲೇ ಮೂರರ ಕೂಡಿಕೆ ಇರುವ ಚಾರ್ಟುಗಳಿವೆ. ಆ ಕೂಡಿಕೆಗೆ ಬೇಕಾದ ಮೂರನೆಯ ಕುಣಿಕೆ ಉಂಗುರದ ಆಚೆ, ಪಕ್ಕದ ಆವರ್ತದಲ್ಲಿರುತ್ತದೆ. ಆಗ ಉಂಗುರವನ್ನು ತೆಗೆದು, ಆಚೆಯ ಕುಣಿಕೆಯನ್ನು ಸಾಲ ತಂದು, ಮೂರನ್ನು ಕೂಡಿಸಿ, ಉಂಗುರವನ್ನು ಹೊಸ ಗಡಿಯಲ್ಲಿ ಹಾಕಬೇಕು. ಇದನ್ನು ಯಾರೂ ಹೇಳಿಕೊಡದ ಕಾರಣ ನಾನು ಒಂದು ವಾರ ಚಾರ್ಟಿನ ಮೇಲೆಯೇ ಗುಮಾನಿ ಪಟ್ಟಿದ್ದೆ. ಚಾರ್ಟಿನಲ್ಲಿ ಆವರ್ತದ ದಪ್ಪ ಗೆರೆ ನೆಟ್ಟಗಿರದೆ ಒಂದು ಮನೆಯಷ್ಟು ಪಕ್ಕಕ್ಕೆ ಸರಿದು ಮತ್ತೆ ಮೇಲೇರಿದ್ದರೆ, ಅಲ್ಲಿ ಉಂಗುರ ಸರಿಯಬೇಕು ಎಂಬುದೇ ಅದರ ಸೂಚನೆ.

ಲೆಕ್ಕ ಸರಿ, ಚಿತ್ರ ತಪ್ಪು

ಇದು ಹೆಚ್ಚು ಕಾಡುವ ದೋಷ. ಕುಣಿಕೆಗಳು ಕೂಡುತ್ತವೆ, ಆದರೆ ಎಲೆ ಎಲೆಯಾಗುವುದಿಲ್ಲ.

ಮೊದಲು ನೋಡಬೇಕಾದದ್ದು ರಂಧ್ರವೂ ಕೂಡಿಕೆಯೂ ಹಿಂದುಮುಂದಾಗಿವೆಯೇ ಎಂದು. "ಸುತ್ತು, ಕೂಡಿಕೆ" ಎಂದಿರುವಲ್ಲಿ "ಕೂಡಿಕೆ, ಸುತ್ತು" ಹೆಣೆದರೆ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ, ರಂಧ್ರ ಮಾತ್ರ ಒಂದು ಮನೆ ಪಕ್ಕಕ್ಕೆ ಹೋಗುತ್ತದೆ. ಓರೆಯಾಗಿ ಸಾಗುತ್ತಿದ್ದ ರಂಧ್ರಗಳ ಸಾಲು ಆ ಒಂದು ಕಡೆ ಕುಂಟುತ್ತದೆ. ನಾಲ್ಕೈದು ಕುಣಿಕೆಗಳಷ್ಟೇ ಜಾಗ, ಅಲ್ಲಿಯವರೆಗೆ ಒಂದೊಂದಾಗಿ ಹಿಂದಕ್ಕೆ ಹೆಣೆದು ಸರಿಪಡಿಸಬಹುದು.

ಎಲೆಯ ಅಂಚು ನಯವಾದ ಗೆರೆಯಾಗುವ ಬದಲು ಗರಗಸದಂತೆ ಕಂಡರೆ, ಕೂಡಿಕೆಗಳು ತಪ್ಪು ದಿಕ್ಕಿಗೆ ವಾಲಿವೆ. ಚಾರ್ಟಿನಲ್ಲಿ ಬಲಕ್ಕೆ ವಾಲಿದ ಗೀರು ಬಲಕ್ಕೆ ವಾಲುವ ಕೂಡಿಕೆ: ಎರಡು ಕುಣಿಕೆಗಳನ್ನು ನೇರವಾಗಿ ಒಟ್ಟಿಗೆ ಸೀದಾ ಹೆಣೆಯುವುದು. ಎಡಕ್ಕೆ ವಾಲಿದ ಗೀರು ಎಡಕ್ಕೆ ವಾಲುವ ಕೂಡಿಕೆ: ಎರಡು ಕುಣಿಕೆಗಳನ್ನು ಒಂದೊಂದಾಗಿ ಸೀದಾ ಹೆಣೆಯುವವರಂತೆ ಬಲಗಡ್ಡಿಗೆ ಜಾರಿಸಿ, ಎಡಗಡ್ಡಿಯನ್ನು ಅವುಗಳ ಮುಂದಿನಿಂದ ತೂರಿಸಿ ಒಟ್ಟಿಗೆ ಹೆಣೆಯುವುದು. ಗೀರು ವಾಲಿದ ಕಡೆಗೇ ಕುಣಿಕೆಯೂ ವಾಲುತ್ತದೆ. ಇಷ್ಟು ನೆನಪಿದ್ದರೆ ಸಂಕೇತಪಟ್ಟಿಯನ್ನು ಪದೇಪದೇ ನೋಡಬೇಕಿಲ್ಲ.

ಎರಡನೆಯ ಕಾರಣ ಓದುವ ದಿಕ್ಕು. ಚಾರ್ಟನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಮೊದಲ ಸಾಲು ಎಲ್ಲಕ್ಕಿಂತ ಕೆಳಗೆ. ಶಾಲು ಕುತ್ತಿಗೆಯಿಂದ ಕೆಳಕ್ಕೆ ಬೆಳೆಯುತ್ತಿದ್ದರೂ ಹೀಗೆಯೇ. ಮುಂಬದಿ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಕನ್ನಡವನ್ನು ಎಡದಿಂದ ಓದಿ ರೂಢಿಯಾದ ಕಣ್ಣು ದಣಿದಾಗ ತಾನಾಗಿ ಎಡಕ್ಕೆ ಹೋಗುತ್ತದೆ. ವಿನ್ಯಾಸ ಎರಡೂ ಬದಿಗೆ ಒಂದೇ ಸಮನಾಗಿದ್ದರೆ ರಂಧ್ರಗಳನ್ನು ನೋಡಿ ತಪ್ಪು ಗೊತ್ತಾಗುವುದಿಲ್ಲ, ಕೂಡಿಕೆಗಳಷ್ಟೇ ತಪ್ಪು ದಿಕ್ಕಿಗೆ ವಾಲಿರುತ್ತವೆ. ಒಂದೇ ಕಡೆಗೆ ಬಾಗಿದ ಎಲೆಗಳಿದ್ದಾಗ ಮಾತ್ರ ಚಿತ್ರವೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ. ಸಾಲಿನ ಸಂಖ್ಯೆ ಯಾವ ಬದಿಯಲ್ಲಿ ಅಚ್ಚಾಗಿದೆಯೋ ಆ ಬದಿಯಿಂದ ಓದಲು ಆರಂಭಿಸಿ.

ಸಾಲಿನ ಸಂಖ್ಯೆಗಳು 1, 3, 5 ಎಂದಷ್ಟೇ ಇದ್ದರೆ ನಡುವಿನ ಹಿಂಬದಿ ಸಾಲುಗಳನ್ನು ಚಾರ್ಟಿನಲ್ಲಿ ಬಿಟ್ಟಿದ್ದಾರೆ, ನೀವು ಬಿಡುವಂತಿಲ್ಲ. ಇದನ್ನು ಗಮನಿಸದೆ ಒಂದರ ಮೇಲೊಂದು ಹೆಣೆದರೆ ಎಲೆ ಅರ್ಧ ಎತ್ತರಕ್ಕೆ ಕುಗ್ಗಿ, ಒಂದು ಬಿಟ್ಟು ಒಂದು ಸಾಲಿನ ಕೂಡಿಕೆಗಳು ಮುಂಬದಿಯಲ್ಲಿ ಗಂಟುಗಳಂತೆ ಕಾಣುತ್ತವೆ.

ಬೂದು ಬಣ್ಣದ ಮನೆಗಳು ಮೂರನೆಯ ಕಾರಣ. ಅಲ್ಲಿ ಕುಣಿಕೆಯೇ ಇಲ್ಲ. ಸಾಲಿನಿಂದ ಸಾಲಿಗೆ ಕುಣಿಕೆಗಳ ಸಂಖ್ಯೆ ಬದಲಾಗುವ ವಿನ್ಯಾಸಗಳಲ್ಲಿ ಚಿತ್ರದ ಸಾಲುಗಳು ಹೊಂದಿಕೊಳ್ಳಲಿ ಎಂದು ಜಾಗ ತುಂಬಿಸಿರುತ್ತಾರೆ. ಕೈ ನಿಲ್ಲಿಸದೆ ಅದನ್ನು ದಾಟಿ ಮುಂದಿನ ಮನೆಗೆ ಹೋಗಬೇಕು. ಅದನ್ನೂ ಒಂದು ಕುಣಿಕೆ ಎಂದು ಹೆಣೆದರೆ ಚಾರ್ಟ್ ಮುಗಿಯುವ ಮೊದಲೇ ಕುಣಿಕೆಗಳು ಮುಗಿಯುತ್ತವೆ.

ತ್ರಿಕೋನ ಶಾಲಿನ ಚಾರ್ಟ್ ಬಹಳ ಸಲ ಒಂದೇ ರೆಕ್ಕೆಯನ್ನು ತೋರಿಸುತ್ತದೆ ಎಂಬುದನ್ನೂ ಹೇಳಬೇಕು. ಅದನ್ನು ಒಮ್ಮೆ ಹೆಣೆದು, ನಡುಬೆನ್ನಿನ ಕುಣಿಕೆ ಹೆಣೆದು, ಮತ್ತೆ ಅದೇ ಚಾರ್ಟನ್ನು ಮೊದಲಿನಿಂದ ಹೆಣೆಯಬೇಕು.

ಸಾಲು ಗುರುತಿಸಲು ಅಂಟುಚೀಟಿ ಬಳಸುವವರು ಅದನ್ನು ಹೆಣೆಯುತ್ತಿರುವ ಸಾಲಿನ ಮೇಲ್ಬದಿಗೆ ಅಂಟಿಸಿ, ಕೆಳಗಲ್ಲ. ಆಗ ಈಗಾಗಲೇ ಹೆಣೆದ ಸಾಲುಗಳು ಕಾಣುತ್ತಿರುತ್ತವೆ. "ಈ ರಂಧ್ರ ಕೆಳಗಿನ ರಂಧ್ರದ ಎಡಕ್ಕೆ ಒಂದು ಮನೆ" ಎಂಬ ಸಂಬಂಧ ಚಾರ್ಟಿನಲ್ಲೂ ಕಾಣುತ್ತದೆ, ಕಡ್ಡಿಯ ಕೆಳಗಿನ ಬಟ್ಟೆಯಲ್ಲೂ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸವಾದರೆ ತಪ್ಪು ಅದೇ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಶೆಟ್ಲೆಂಡಿನ ಅನ್ಸ್ಟ್ ದ್ವೀಪದ ಹೆಂಗಸರು ಮದುವೆಯ ಉಂಗುರದೊಳಗಿನಿಂದ ಎಳೆದು ತೆಗೆಯಬಹುದಾದಷ್ಟು ನವುರಾದ ಶಾಲುಗಳನ್ನು ಹೆಣೆದವರು. ಅಲ್ಲಿ ವಿನ್ಯಾಸಗಳು ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬಂದವು. ಕೆಳಗಿನ ಸಾಲೇ ಮೇಲಿನ ಸಾಲಿಗೆ ದಾರಿ ತೋರಿಸುತ್ತಿತ್ತು. ಚಾರ್ಟ್ ಹಿಡಿದು ಕಲಿಯುವ ನಾವೂ ಕೊನೆಗೆ ಸೇರಬೇಕಾದದ್ದು ಅಲ್ಲಿಗೇ ಎಂದು ನಾನು ನಂಬುತ್ತೇನೆ.

ರಂಧ್ರ ಮುಚ್ಚಿಕೊಂಡಿದೆ

ಸುತ್ತು ಹಾಕಿದ್ದೀರಿ, ಲೆಕ್ಕ ಸರಿ, ಆದರೆ ರಂಧ್ರದ ಬಾಯಿ ತಿರುಚಿ ಮುಚ್ಚಿದೆ. ಕಡ್ಡಿಯ ಮೇಲಿನ ಕುಣಿಕೆಯನ್ನು ಹತ್ತಿರದಿಂದ ನೋಡಿ. ಪ್ರತಿ ಕುಣಿಕೆಗೂ ಕಡ್ಡಿಯ ಆಚೀಚೆ ಎರಡು ಕಾಲು. ಎಡಗಡ್ಡಿಯ ಮೇಲೆ ಬಲಗಾಲು ಮುಂದಿರಬೇಕು. ಎಡಗಾಲು ಮುಂದಿದ್ದರೆ, ದಾರವನ್ನು ಎದುರು ದಿಕ್ಕಿನಲ್ಲಿ ಸುತ್ತಿದ್ದೀರಿ. ಹಾಗೆಯೇ ಮುಂದಿನ ಕಾಲಿನಿಂದ ಹೆಣೆದರೆ ತಿರುಚಿಕೊಳ್ಳುತ್ತದೆ. ಹಿಂದಿನ ಕಾಲಿನಿಂದ ಹೆಣೆದರೆ ರಂಧ್ರ ತೆರೆಯುತ್ತದೆ.

ಮನೆಯ ಹಿರಿಯರಿಂದ ಸ್ವೆಟರ್ ಹೆಣೆಯಲು ಕಲಿತ ಕೆಲವರು ಉಲ್ಟಾ ಹೆಣೆಯುವಾಗ ದಾರವನ್ನು ಕಡ್ಡಿಯ ಅಡಿಯಿಂದ ಎಳೆದುಕೊಳ್ಳುತ್ತಾರೆ. ಅದು ತಪ್ಪಲ್ಲ, ವೇಗವಾದ ಒಳ್ಳೆಯ ಕ್ರಮ. ಆದರೆ ಅವರ ಕುಣಿಕೆಗಳೆಲ್ಲ ಎಡಗಾಲು ಮುಂದಿಟ್ಟು ನಿಲ್ಲುತ್ತವೆ. ಅವರು ಚಾರ್ಟಿನಂತೆ ಬಲವಾಲಿನ ಕೂಡಿಕೆ ಹೆಣೆಯಬೇಕಾದರೆ, ಕುಣಿಕೆಗಳನ್ನು ಮೊದಲು ತಿರುಗಿಸಿ ಕೂರಿಸಿಕೊಳ್ಳಬೇಕು. ಎಡವಾಲಿನದಾದರೆ ಹಿಂದಿನ ಕಾಲುಗಳಿಂದ ಒಟ್ಟಿಗೆ ಹೆಣೆದರೆ ಸಾಕು, ಜಾರಿಸುವ ಕೆಲಸವೂ ಉಳಿಯುತ್ತದೆ.

ಬಟ್ಟೆಯೆಲ್ಲ ಬಿಗಿ

ರಂಧ್ರಗಳೆಲ್ಲ ಸಣ್ಣವು, ಬಟ್ಟೆ ಹಲಗೆಯ ಹಾಗೆ. ಕಡ್ಡಿಯ ಸಂಖ್ಯೆ ನೋಡಿ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಸಂಖ್ಯೆಯೇ ರೂಢಿ. ಅದರಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಪೂರ. ಅಮೆರಿಕದ ಸಂಖ್ಯೆ ಇದಕ್ಕೆ ತಿರುಗುಮುರುಗು. ಬ್ರಿಟಿಷ್ 8 ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5 ಮಿ.ಮೀ. ಅಮೆರಿಕದ ವಿನ್ಯಾಸದಲ್ಲಿ 8 ಎಂದಿತ್ತು ಎಂದು ಇಲ್ಲಿಯ 8ನೇ ನಂಬರ್ ಕೊಂಡರೆ ಒಂದು ಮಿಲಿಮೀಟರ್ ಕೈಬಿಟ್ಟಿತು. ಲೇಸಿಗೆ ಅದು ಬಹಳ ದೊಡ್ಡ ಅಂತರ. ಅಂಗಡಿಯಲ್ಲಿ ಮಿಲಿಮೀಟರನ್ನೇ ಕೇಳಿ.

ಚಾರ್ಟೇ ತಪ್ಪಿದ್ದರೆ?

ಇರಬಹುದು, ಅಚ್ಚಿನ ತಪ್ಪುಗಳು ಇರುತ್ತವೆ. ಆದರೆ ದೂರುವ ಮುನ್ನ ಆ ಸಾಲಿನ ಕೂಡು ಕಳೆ ಮಾಡಿ. ಪ್ರತಿ ಸುತ್ತಿಗೆ ಒಂದು ಕೂಡಿ, ಪ್ರತಿ ಎರಡರ ಕೂಡಿಕೆಗೆ ಒಂದು ಕಳೆಯಿರಿ, ಮೂರರ ಕೂಡಿಕೆಗೆ ಎರಡು. ಶೆಟ್ಲೆಂಡಿನ ಓಲ್ಡ್ ಶೇಲ್ ಎಂಬ ಅಲೆಯಂಥ ವಿನ್ಯಾಸದಲ್ಲಿ ಆವರ್ತಕ್ಕೆ 18 ಕುಣಿಕೆ. ನಾಲ್ಕು ಸಾಲುಗಳಲ್ಲಿ ಒಂದೇ ಸಾಲಿಗೆ ರಂಧ್ರ: ಮೂರು ಸಲ ಎರಡರ ಕೂಡಿಕೆ, ಆರು ಸಲ ಸುತ್ತು ಮತ್ತು ಸೀದಾ, ಮತ್ತೆ ಮೂರು ಸಲ ಎರಡರ ಕೂಡಿಕೆ. ಆರು ಹೆಚ್ಚಿತು, ಆರು ಕಳೆಯಿತು, 18 ಹಾಗೆಯೇ ಉಳಿಯಿತು. ನಿಮ್ಮ ಚಾರ್ಟಿನ ಆವರ್ತದ ಸಾಲಿನಲ್ಲಿ ಉತ್ತರ ಸೊನ್ನೆಯಾಗದೆ, ಮುಂದಿನ ಸಾಲಿನ ಮನೆಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬದಲಾಗದೆ ಇದ್ದರೆ, ಆಗ ಚಾರ್ಟ್ ತಪ್ಪು ಎನ್ನಬಹುದು. ವಿನ್ಯಾಸಕಾರರು ತಿದ್ದುಪಡಿ ಪ್ರಕಟಿಸಿದ್ದಾರೆಯೇ ಎಂದು ಹುಡುಕಿ.

ಬಿಚ್ಚಲೇಬೇಕಾದಾಗ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ: ಇಡೀ ಸಾಲನ್ನೇ ಒಂದು ಮನೆ ಪಕ್ಕಕ್ಕೆ ಸರಿಸಿ ಹೆಣೆದಿದ್ದರೆ, ಅಥವಾ ಚಾರ್ಟಿನ ಎರಡು ಸಾಲು ಹಾರಿಸಿದ್ದರೆ. ಅಂಥ ದಿನಕ್ಕೆ ಕಾವಲು ದಾರ ಬೇಕು. ಪ್ರತಿ ಆವರ್ತದ ಎತ್ತರ ಮುಗಿದಾಗ, ಹಿಂಬದಿ ಸಾಲಿನ ನಂತರ, ನುಣುಪಾದ ಸಪೂರ ಹತ್ತಿ ದಾರವನ್ನು ಹೊಲಿಗೆ ಸೂಜಿಗೆ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ. ಉಂಗುರಗಳೊಳಗೆ ಹಾಯಿಸಬೇಡಿ, ಅವು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬಣ್ಣ ಬಿಡುವ ದಾರವೂ ಬೇಡ. ಯಾವ ಸಾಲಿನಲ್ಲಿ ಹಾಯಿಸಿದಿರಿ ಎಂದು ಚಾರ್ಟಿನ ಮೇಲೆ ಬರೆಯಿರಿ. ಮುಂದೆ ಎಷ್ಟೇ ಬಿಚ್ಚಿದರೂ ಬಟ್ಟೆ ಆ ದಾರದ ಮೇಲೆ ಬಂದು ನಿಲ್ಲುತ್ತದೆ, ಕುಣಿಕೆಗಳು ಸಾಲಾಗಿ ಕಾಯುತ್ತಿರುತ್ತವೆ. ಮೊದಲ ಶಾಲಿನಲ್ಲಿ ನನ್ನ ಬಳಿ ಇದೊಂದಿದ್ದಿದ್ದರೆ ಆ ಹದಿನಾಲ್ಕು ಸಾಲು ನಾಲ್ಕಕ್ಕೇ ನಿಲ್ಲುತ್ತಿತ್ತು.

ಹೆಣೆದು ಮುಗಿದ ಮೇಲೆ ಕಾಣುವ ದೋಷಗಳು

ಪಿನ್ ಹಾಕುವಾಗ ಶಾಲಿನ ತುದಿಗಳು ಚೂಪಾಗದೆ, ಅಂಚು ಬಿಲ್ಲಿನಂತೆ ಬಾಗಿದರೆ, ಮುಚ್ಚುವ ಸಾಲು ಬಿಗಿಯಾಗಿದೆ. ಅದೊಂದು ಸಾಲನ್ನು ಬಿಚ್ಚಿ, ಒಂದೆರಡು ಅಳತೆ ದಪ್ಪದ ಕಡ್ಡಿಯಿಂದ ಹೀಗೆ ಮುಚ್ಚಿ: ಎರಡು ಕುಣಿಕೆಗಳನ್ನು ಹಿಂದಿನ ಕಾಲುಗಳಿಂದ ಒಟ್ಟಿಗೆ ಸೀದಾ ಹೆಣೆದು, ಬಂದ ಕುಣಿಕೆಯನ್ನು ಎಡಗಡ್ಡಿಗೆ ಹಿಂದಿರುಗಿಸಿ, ಮತ್ತೆ ಮುಂದಿನದರೊಂದಿಗೆ ಕೂಡಿಸುತ್ತಾ ಹೋಗುವುದು. ಇದು ಚೆನ್ನಾಗಿ ಹಿಗ್ಗುತ್ತದೆ.

ಪಿನ್ ತೆಗೆದ ತಕ್ಷಣ ಶಾಲು ಮತ್ತೆ ಮುದುಡಿಕೊಂಡರೆ ದೋಷ ನಿಮ್ಮದಲ್ಲ, ದಾರದ್ದು. ಅಂಗಡಿಯಲ್ಲಿ "ಉಲನ್" ಎಂದು ಕೊಡುವ ದಾರ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಅನುಮಾನವಿದ್ದರೆ ಒಂದು ಅಂಗುಲ ದಾರವನ್ನು ಇಕ್ಕಳದಲ್ಲಿ ಹಿಡಿದು ಪಾತ್ರೆ ತೊಳೆಯುವ ಸಿಂಕಿನ ಮೇಲೆ ಬೆಂಕಿಕಡ್ಡಿ ಗೀರಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ; ಬೆಂಕಿ ತೆಗೆದರೆ ಆರುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ, ಬಿಸಿ ಇರುವಾಗ ಮುಟ್ಟಬೇಡಿ. ಅಕ್ರಿಲಿಕ್ ಶಾಲಿಗೆ ನೀರು ಸಾಲದು. ಪಿನ್ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಮೇಲೆ ಹಿಡಿದು ಹಬೆ ಕೊಡಬೇಕು. ಒಮ್ಮೆ ಹಬೆ ತಾಗಿದ ಅಕ್ರಿಲಿಕ್ ಹಿಂದಿನ ರೂಪಕ್ಕೆ ಬರುವುದಿಲ್ಲ, ಆದ್ದರಿಂದ ಮೊದಲು ಒಂದು ಸಣ್ಣ ಮಾದರಿ ತುಂಡಿನ ಮೇಲೆ ಮಾಡಿ ನೋಡಿ.

ಉಣ್ಣೆಯ ಶಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ತಿಕ್ಕಬೇಡಿ, ಹಿಂಡಬೇಡಿ. ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಹಾಸಿಗೆಯ ಮೇಲೆ ಹಳೆಯ ಪಂಚೆ ಹಾಸಿ, ನಡುಬೆನ್ನನ್ನು ಮೊದಲು ನೆಟ್ಟಗೆ ಪಿನ್ ಮಾಡಿ, ಆಮೇಲೆ ಮೇಲಿನ ಅಂಚು, ಕೊನೆಗೆ ತುದಿಗಳು. ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿಯಬಹುದು. ಅಂಗೈಯ ಹಿಂಬದಿಯನ್ನು ಎಲೆಯ ದಪ್ಪ ಭಾಗಕ್ಕೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗಿನ್ನೂ ತೇವವಿದೆ. ತಣ್ಣಗಿರುವವರೆಗೆ ಪಿನ್ ತೆಗೆಯಬೇಡಿ.